ಬೆಂಕಿಗುಡ್ಡದ ದೇಶದಲ್ಲಿ ಕೆರೆ ಹುಡುಕಿದ್ದು

ಒಮಾನಿನಲ್ಲಿ ಸರೋವರಗಳಿಲ್ಲ ಎಂಬುದು ನನಗೆ ಸರಿಯಾಗಿ ಮನವರಿಕೆಯಾದದ್ದು, ಒಮಾನಿನ ಸರೋವರಗಳ ಬಗ್ಗೆ ವಸ್ತುಪ್ರದರ್ಶನ ನಡೆಸಬೇಕೆಂದು ನಮ್ಮ ಪ್ರಿನ್ಸಿಪಾಲರು ಆಜ್ಞೆ ಹೊರಡಿಸಿದ ಮೇಲೆ.

ಅದು ಎಂಬತ್ತರ ದಶಕದ ಕೊನೆ. ನಾನು ಮಸ್ಕತ್ತಿನ ಒಂದು ಇಂಡಿಯನ್ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ನಮ್ಮ ಫ್ಲ್ಯಾಟು ವಾದಿ ಕಬೀರಿನಲ್ಲಿ, ಗ್ಯಾರೇಜುಗಳ ಸಾಲಿನ ಹಿಂದೆ ಇತ್ತು. ಬೆಳಿಗ್ಗೆ ಎದ್ದರೆ ಹಕ್ಕಿಗಳ ಬದಲು ತಗಡು ಬಡಿಯುವ ಸದ್ದು. ನನ್ನ ಗಂಡ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ಹಡಗುಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಹಡಗು ಹತ್ತುತ್ತಿರಲಿಲ್ಲ. ಅವರಿಗೆ ನೀರೆಂದರೆ ಭಯ. ಉಡುಪಿ ಕಡೆಯವರಾಗಿ ಸಮುದ್ರದಲ್ಲಿ ಮೊಣಕಾಲಿನವರೆಗೂ ಇಳಿಯದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಪ್ರಿನ್ಸಿಪಾಲರು ಅದಕ್ಕೆ ಮುಂಚೆ ಪೂರ್ವ ಆಫ್ರಿಕದ ಒಂದು ಶಾಲೆಯಲ್ಲಿದ್ದವರು. ಅಲ್ಲಿ ‘ನಮಗೆ ಆಶ್ರಯ ಕೊಟ್ಟ ದೇಶದ ಸರೋವರಗಳು ಮತ್ತು ಅವುಗಳ ಜ್ವಾಲಾಮುಖಿ ಮೂಲ’ ಎಂಬ ಪ್ರದರ್ಶನ ಬಹಳ ಚೆನ್ನಾಗಿ ನಡೆದಿತ್ತಂತೆ. ಇಲ್ಲಿಯೂ ಅದನ್ನೇ ಮಾಡಿಸಲು ತೀರ್ಮಾನಿಸಿದ್ದರು. ದೇಶದ ಹೆಸರು ಬದಲಾಯಿಸುವ ಅಗತ್ಯವೂ ಇರಲಿಲ್ಲ, ಏಕೆಂದರೆ ಶೀರ್ಷಿಕೆಯಲ್ಲಿ ದೇಶದ ಹೆಸರೇ ಇರಲಿಲ್ಲ. ನಾನು ಅವರ ಕೋಣೆಗೆ ಹೋಗಿ, ಈ ದೇಶದಲ್ಲಿ ಸರೋವರಗಳಿಲ್ಲ ಮೇಡಂ, ನದಿಗಳೂ ಇಲ್ಲ, ಇರುವುದು ಒಣಗಿದ ಕಣಿವೆಗಳು, ಮಳೆ ಬಂದಾಗ ಮಾತ್ರ ಅವುಗಳಲ್ಲಿ ನೀರು ಎಂದು ವಿವರಿಸಿದೆ. ಅವರು ಸಹಾನುಭೂತಿಯಿಂದ ಕೇಳಿಸಿಕೊಂಡರು. ಆಮೇಲೆ, ಇಷ್ಟು ದೊಡ್ಡ ದೇಶದಲ್ಲಿ ಒಂದು ಸರೋವರವಾದರೂ ಇರಲೇಬೇಕು, ನೀವು ಹುಡುಕಿಲ್ಲ ಎಂದರು. ನಾನು ಹುಡುಕಿರಲಿಲ್ಲ ಎನ್ನುವುದು ನಿಜವೇ.

ಅದೇ ತಿಂಗಳು ಅತ್ತೆ ವಿಸಿಟ್ ವೀಸಾದಲ್ಲಿ ಬಂದಿಳಿದರು. ಮದುವೆಯಾದ ಮೇಲೆ ನಾನು ಅವರ ಜೊತೆ ಒಂದೇ ಸೂರಿನಡಿ ಇದ್ದದ್ದು ಕೆಲವೇ ವಾರ. ಹಾಗಾಗಿ ನಮ್ಮಿಬ್ಬರ ನಡುವೆ ಜಗಳಕ್ಕೆ ಬೇಕಾದಷ್ಟು ಸಲಿಗೆ ಇರಲಿಲ್ಲ. ಮನೆಯಲ್ಲಿ ಅವರದು ತುಳು, ನನ್ನದು ಕುಂದಾಪುರದ ಕನ್ನಡ. ಇಬ್ಬರೂ ಅರ್ಧ ದಾರಿ ಬಂದು ಮಾತಾಡುತ್ತಿದ್ದೆವು. ಬಂದ ಮೊದಲ ದಿನಗಳಲ್ಲಿ ಅವರು ಈ ಊರಿನ ಬಗ್ಗೆ ಏನೂ ಹೇಳಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಕಾಣುವ ಗುಡ್ಡವನ್ನು ನೋಡುತ್ತ ನಿಲ್ಲುತ್ತಿದ್ದರು. ಕಡುಕಂದು, ಅಲ್ಲಲ್ಲಿ ಕಪ್ಪು, ಒಂದು ಹುಲ್ಲೆಸಳಿಲ್ಲದ ಗುಡ್ಡ. ಒಂದು ದಿನ ಕೇಳಿದರು:

“ಇದಕ್ಕೆ ಬೆಂಕಿ ಕೊಟ್ಟದ್ದು ಯಾರು?”

ಯಾರೂ ಕೊಟ್ಟದ್ದಲ್ಲ, ಅದು ಇರುವುದೇ ಹಾಗೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಈ ಪ್ರಶ್ನೆಗೆ ಸರಿಯಾದ ಉತ್ತರ ಇದ್ದದ್ದು ನಮ್ಮ ಮೇಲಿನ ಮಹಡಿಯಲ್ಲಿ. ಅಲ್ಲಿ ಧಾರವಾಡ ಕಡೆಯ ಒಬ್ಬ ಭೂವಿಜ್ಞಾನಿ ಇದ್ದರು. ತಾಮ್ರದ ಗಣಿಗಾರಿಕೆಗೆ ಸಂಬಂಧಪಟ್ಟ ಕೆಲಸ. ಮದುವೆಯಾಗಿರಲಿಲ್ಲ; ಮನೆ ತುಂಬ ಕಲ್ಲುಗಳಿದ್ದವು. ಬಚ್ಚಲಿನ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಅವರು ಒಂದು ಗುಂಡನೆಯ ಕಪ್ಪು ಕಲ್ಲು ಇಟ್ಟಿದ್ದರು. ಸಂಜೆ ಚಹಾಕ್ಕೆ ಕರೆದಾಗ ಅತ್ತೆಯ ಪ್ರಶ್ನೆಯನ್ನು ನಾನು ಅವರ ಮುಂದಿಟ್ಟೆ. ಅವರು ಮೇಲೆ ಹೋಗಿ ಆ ಕಲ್ಲನ್ನೇ ಹೊತ್ತು ತಂದರು.

“ಅಮ್ಮಾರು ಹೇಳಿದ್ದು ಖರೇನೇ ಐತ್ರಿ,” ಎಂದರು. “ಇದು ಬೆಂಕ್ಯಾಗಿಂದ ಬಂದದ್ದು. ಆದ್ರ ಸಮುದ್ರದ ತಳದಾಗ.”

ಅವರು ವಿವರಿಸಿದ್ದು ಇಷ್ಟು. ಬಹಳ ಹಿಂದೆ, ಮನುಷ್ಯರ ಸುಳಿವೇ ಇಲ್ಲದ ಕಾಲದಲ್ಲಿ, ಸಮುದ್ರದ ತಳ ಬಿರಿದು ಒಳಗಿನಿಂದ ಕರಗಿದ ಶಿಲೆ ಉಕ್ಕಿತು. ತಣ್ಣೀರು ತಾಗಿದ ಕೂಡಲೇ ಅದು ದಿಂಬಿನ ಆಕಾರದಲ್ಲಿ ಗಟ್ಟಿಯಾಯಿತು. ಆಮೇಲೆ ಭೂಮಿಯ ಒತ್ತಡಕ್ಕೆ ಆ ಸಮುದ್ರತಳವೂ ಅದರ ಕೆಳಗಿನ ಶಿಲೆಯೂ ಮೇಲೆದ್ದು ನೆಲದ ಮೇಲೆ ಬಂದು ಕುಳಿತವು. ನಮ್ಮ ಅಡುಗೆಮನೆಯ ಎದುರಿಗಿನ ಗುಡ್ಡ ಆ ಕೆಳಗಿನ ಶಿಲೆ. ಬೇರೆ ದೇಶಗಳಲ್ಲಿ ಜ್ವಾಲಾಮುಖಿ ತಣ್ಣಗಾದ ಮೇಲೆ ಅದರ ಬಾಯಲ್ಲಿ ನೀರು ನಿಂತು ಸರೋವರವಾಗುತ್ತದೆ. ಇಲ್ಲಿ ಜ್ವಾಲಾಮುಖಿ ಮೊದಲೇ ನೀರಿನಲ್ಲಿತ್ತು, ಆಮೇಲೆ ಒಣಗಲು ಹೊರಗೆ ಬಂದಿತ್ತು.

ಅತ್ತೆ ಕಲ್ಲನ್ನು ಮುಟ್ಟಿ ನೋಡಿದರು. “ತಲೆದಿಂಬು ಅಂತೂ ಅಲ್ಲ,” ಎಂದರು.

ಭೂವಿಜ್ಞಾನಿಯ ಹತ್ತಿರ ಕಂಪೆನಿಯ ಜೀಪು ಇತ್ತು. ವಾರದ ರಜೆಯಾದ ಶುಕ್ರವಾರಗಳು ಅವರಿಗೆ ಕಷ್ಟದ ದಿನಗಳು. ಕಲ್ಲುಗಳ ಜೊತೆ ಎಷ್ಟು ಹೊತ್ತು ಮಾತಾಡುವುದು. ಸರೋವರ ಹುಡುಕುವ ಕೆಲಸಕ್ಕೆ ಅವರು ಸಂತೋಷದಿಂದ ಒಪ್ಪಿದರು, ಸಿಗುವುದಿಲ್ಲ ಎಂಬ ಭರವಸೆಯನ್ನೂ ಕೊಟ್ಟರು. ಅತ್ತೆಯನ್ನು ಫ್ಲ್ಯಾಟಿನಲ್ಲಿ ಒಬ್ಬರನ್ನೇ ಬಿಡುವಂತಿರಲಿಲ್ಲ. ಹಾಗಾಗಿ ನಾಲ್ವರೂ ಹೊರಡುತ್ತಿದ್ದೆವು.

ಮೊದಲು ಹೋದದ್ದು ನಖಲ್ ಎಂಬ ಊರಿಗೆ. ಅಲ್ಲಿ ಕೋಟೆಯ ಹಿಂದೆ ಬೆಟ್ಟದ ಬುಡದಿಂದ ಬಿಸಿನೀರು ಬರುತ್ತದೆ. ನನಗೆ ಆಸೆ ಹುಟ್ಟಿತು, ಬಿಸಿನೀರಿದ್ದ ಮೇಲೆ ಕೆಳಗೆ ಜ್ವಾಲಾಮುಖಿ ಇರಬೇಕಲ್ಲ ಎಂದು. ಭೂವಿಜ್ಞಾನಿ ತಲೆಯಾಡಿಸಿದರು. ಮಳೆನೀರು ಆಳಕ್ಕೆ ಇಳಿದು, ಅಲ್ಲಿನ ಶಾಖಕ್ಕೆ ಕಾದು, ಬಿರುಕಿನಲ್ಲಿ ಮೇಲೆ ಬಂದದ್ದು ಅಷ್ಟೆ. ಅದು ಸರೋವರವೂ ಅಲ್ಲ, ಖರ್ಜೂರದ ತೋಟಕ್ಕೆ ಹೋಗುವ ತೋಡು. ಅತ್ತೆ ಪಾದ ಮುಳುಗಿಸಿ ಕುಳಿತು, ಎಣ್ಣೆ ತಂದಿದ್ದರೆ ಎಲ್ಲರದೂ ಅಭ್ಯಂಜನ ಆಗುತ್ತಿತ್ತು ಎಂದರು. ನನ್ನ ಗಂಡ ದಂಡೆಯ ಮೇಲೆ ಶೂ ಹಾಕಿಕೊಂಡೇ ನಿಂತಿದ್ದರು.

ಇನ್ನೊಂದು ಶುಕ್ರವಾರ ಕಪ್ಪು ಬೆಟ್ಟಗಳ ನಡುವಿನ ಒಂದು ಹೊಂಡಕ್ಕೆ ಹೋದೆವು. ಅದರ ನೀರು ಶಾಲೆಯ ನಕ್ಷೆಯಲ್ಲಿ ಸಮುದ್ರಕ್ಕೆ ಬಳಿಯುವ ನೀಲಿ. ಮೇಲೆ ಹಾಲಿನ ಕೆನೆಯಂತೆ ಬಿಳಿ ಪೊರೆ. ಈ ನೀರು ಆ ಸಮುದ್ರತಳದ ಶಿಲೆಯೊಳಗೆ ಹರಿದು ಬಂದದ್ದು, ಇದಕ್ಕೂ ನಿಮ್ಮ ಬೆಂಕಿಗೂ ದೂರದ ನೆಂಟಸ್ತನ ಉಂಟು ಎಂಬರ್ಥದಲ್ಲಿ ಭೂವಿಜ್ಞಾನಿ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಅತ್ತೆ ಬೆರಳು ಅದ್ದಿ ಉಜ್ಜಿ ನೋಡಿದರು. ಸೋಪಿನ ಹಾಗೆ ಜಾರಿತು.

“ಬಟ್ಟೆ ಸೋಡ,” ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡರು.

ಹೊಂಡ ನಮ್ಮ ಜೀಪಿಗಿಂತ ಸ್ವಲ್ಪ ದೊಡ್ಡದಿತ್ತು. ಪ್ರಿನ್ಸಿಪಾಲರಿಗೆ ತೋರಿಸುವಂತಿರಲಿಲ್ಲ.

ಕೊನೆಗೆ ಉಳಿದದ್ದು ಸೂರ್ ಕಡೆಗೆ ಹೋಗುವ ಸಮುದ್ರ ತೀರದ ದಾರಿ. ಆಗ ಅಲ್ಲಿ ಈಗಿನ ಹೆದ್ದಾರಿ ಇರಲಿಲ್ಲ. ಕುರಿಯಾತ್ ದಾಟಿದ ಮೇಲೆ ಜಲ್ಲಿ ಮತ್ತು ಧೂಳು. ಅತ್ತೆ ಹಿಂದಿನ ಸೀಟಿನಲ್ಲಿ ಅವಲಕ್ಕಿಯ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು, ಜೀಪು ಎಗರಿದಾಗಲೆಲ್ಲ ತಾವೂ ಡಬ್ಬಿಯೂ ಒಟ್ಟಿಗೆ ಎಗರುತ್ತ ಬಂದರು. ಒಂದು ಕಡೆ ಬಟ್ಟಬಯಲಿನಲ್ಲಿ ಭೂವಿಜ್ಞಾನಿ ಜೀಪು ನಿಲ್ಲಿಸಿದರು. ಒಂದು ಪಕ್ಕದಲ್ಲಿ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಸಮುದ್ರ. ಕೆಲವು ಆಡುಗಳು ಮತ್ತು ಅವುಗಳ ಯಜಮಾನನಾದ ಒಬ್ಬ ಮುದುಕ ಬಿಟ್ಟರೆ ಏನೂ ಇರಲಿಲ್ಲ. ಇಳಿದು ಸ್ವಲ್ಪ ನಡೆದಾಗ ನೆಲ ಥಟ್ಟನೆ ಮುಗಿಯಿತು.

ಕೆಳಗೆ ಬಾವಿಯ ಹಾಗೆ ಕಡಿದಾದ, ಬಾವಿಗಿಂತ ಎಷ್ಟೋ ಪಟ್ಟು ಅಗಲವಾದ ಒಂದು ಗುಂಡಿ. ತಳದಲ್ಲಿ ಹಸಿರು ಮಿಶ್ರಿತ ನೀಲಿ ನೀರು. ನನಗೆ ಪುಸ್ತಕದ ಚಿತ್ರವೇ ನೆನಪಾಯಿತು. ಇದು ಜ್ವಾಲಾಮುಖಿಯ ಬಾಯಿಯೇ ಎಂದೆ. ಆಡಿನ ಮುದುಕ ಹತ್ತಿರ ಬಂದು, ಆಕಾಶದಿಂದ ನಕ್ಷತ್ರ ಬಿದ್ದು ಆದದ್ದು ಎಂದು ಕೈಯಾಡಿಸಿ ತೋರಿಸಿದ. ಭೂವಿಜ್ಞಾನಿಗೆ ಎರಡೂ ಒಪ್ಪಿಗೆಯಾಗಲಿಲ್ಲ. ಇದು ಸುಣ್ಣದಕಲ್ಲು, ಒಳಗೊಳಗೇ ನೀರು ಅದನ್ನು ಕರಗಿಸಿತ್ತು, ಒಂದು ದಿನ ಮೇಲಿನ ಚಾವಣಿ ಕುಸಿದುಬಿತ್ತು, ಅಷ್ಟೇ ಎಂದರು. ಅವರ ಮಾತು ಕೇಳಿದ ಮೇಲೆ ನನ್ನ ಗಂಡ ಅಂಚಿನಿಂದ ಸಾಕಷ್ಟು ಹಿಂದೆ ಸರಿದು ನಿಂತರು.

ನಾವು ಹೀಗೆ ಮೂಲದ ಚರ್ಚೆ ಮಾಡುತ್ತಿರುವಾಗ ಅತ್ತೆ ಇಳಿಯಲು ಶುರುಮಾಡಿಯಾಗಿತ್ತು. ಒಂದು ಪಕ್ಕದಲ್ಲಿ ಜನ ಇಳಿದು ಇಳಿದು ಕಲ್ಲಿನಲ್ಲಿ ಮೆಟ್ಟಿಲಿನಂಥದ್ದು ಆಗಿತ್ತು. ಅವರು ಕೂತುಕೊಂಡು, ಕೈಯೂರಿ, ಜಾರುತ್ತ ಹೋದರು. ನಾನೂ ಭೂವಿಜ್ಞಾನಿಯೂ ಹಿಂದೆ ಹೋದೆವು. ನಾವು ತಳ ಮುಟ್ಟುವಾಗ ಅವರು ಸೀರೆಯನ್ನು ಕಚ್ಚೆಯ ಹಾಗೆ ಎತ್ತಿ ಕಟ್ಟಿ, ಬಳೆಗಳನ್ನು ತೋಳಿಗೆ ಸರಿಸಿ ನಿಂತಿದ್ದರು. ಕಾಲು ತೊಳೆಯಲು ಇರಬೇಕು ಎಂದುಕೊಂಡೆ. ಅವರು ಬಗ್ಗಿ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಒಂದು ಹೆಜ್ಜೆ ಮುಂದಿಟ್ಟು ಕಾಣೆಯಾದರು.

ನೀರು ಮುಚ್ಚಿಕೊಂಡಿತು. ನನಗೆ ಈಜು ಬರುವುದಿಲ್ಲ. ಭೂವಿಜ್ಞಾನಿಗೂ ಬರುವುದಿಲ್ಲ ಎನ್ನುವುದು ಅವರು ನನ್ನ ಮುಖ ನೋಡಿದ ರೀತಿಯಲ್ಲಿ ಗೊತ್ತಾಯಿತು. ಮೇಲಿನಿಂದ ನನ್ನ ಗಂಡ “ಅಮ್ಮ ಎಲ್ಲಿ?” ಎಂದು ಕೇಳಿದರು. ನಾನು ನೀರಿನ ಕಡೆ ಕೈ ತೋರಿಸಿದೆ. ಅವರು ಆ ಕಡಿದಾದ ದಾರಿಯನ್ನು ಹೇಗೆ ಇಳಿದರೋ, ಒಂದು ಶೂ ಕಾಲಿನಲ್ಲಿ, ಒಂದು ಎಲ್ಲೋ. ನೇರವಾಗಿ ನೀರಿಗೆ ಬಂದು ಸೊಂಟದವರೆಗೆ ಇಳಿದುಬಿಟ್ಟರು. ನಾವಿಬ್ಬರೂ ಅವರ ಅಂಗಿ ಹಿಡಿದು ಎಳೆದೆವು.

ಆಗ ಎದುರು ದಂಡೆಯ ಬಳಿ ಒಂದು ಬಿಳಿಯ ತಲೆ ಮೇಲೆ ಬಂತು. ಅತ್ತೆ ಬಾಯಿಯ ನೀರನ್ನು ಪುಸಕ್ಕನೆ ಉಗುಳಿ, ಬಂಡೆಯ ಚಾಚನ್ನು ಹಿಡಿದು ಹತ್ತಿ ಕುಳಿತರು. ಕೂದಲು ಹಿಂಡಿದರು. ನಮ್ಮನ್ನು ನೋಡಿದರು.

ನನ್ನ ಗಂಡ ತಾಯಿಯ ಮೇಲೆ ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತುಳುವಿನಲ್ಲಿ ಅವರು ಅಂದದ್ದೆಲ್ಲ ಗುಂಡಿಯೊಳಗೆ ಸುತ್ತು ಹಾಕಿ ಎರಡೆರಡು ಸಲ ಕೇಳಿಸಿತು. ಅದು ಮುಗಿಯುವ ತನಕ ಅತ್ತೆ ಸೆರಗು ಹಿಂಡಿದರು. ಆಮೇಲೆ ಮತ್ತೆ ನೀರಿಗಿಳಿದು, ಅವಸರವಿಲ್ಲದೆ, ಮುಖ ಮೇಲಿಟ್ಟುಕೊಂಡು, ಕೈಗಳನ್ನು ದೋಸೆ ಹರಡುವ ಹಾಗೆ ಆಡಿಸುತ್ತ ನಮ್ಮ ಕಡೆಗೆ ಬಂದರು.

“ನಿಮಗೆ ಈಜು ಬರ್ತದಾ?” ಎಂದು ನಾನು ಕೇಳಿದೆ. ನಿರರ್ಥಕ ಪ್ರಶ್ನೆ. ಬೇರೆ ಏನೂ ತೋಚಲಿಲ್ಲ.

“ಹೊಳೆ ಬದಿಯ ಮನೆ ನನ್ನದು. ಬರದೆ ಎಂತ?”

“ಮತ್ತೆ ಇಷ್ಟು ವರ್ಷ ಎಲ್ಲಿಯೂ ಹೇಳಲೇ ಇಲ್ಲ,” ಎಂದರು ನನ್ನ ಗಂಡ.

“ನಿಮ್ಮ ಅಪ್ಪನ ಮನೆಯಲ್ಲಿ ಇದ್ದದ್ದು ಬಾವಿ,” ಎಂದರು ಅತ್ತೆ. “ಬಾವಿಯಲ್ಲಿ ಈಜ್ಲಿಕ್ಕಾಗ್ತದಾ?”

ವಾಪಸು ಬರುವಾಗ ನನ್ನ ಗಂಡ, ಇನ್ನು ಆ ಕಡೆ ಹೋಗುವುದಿಲ್ಲ, ಖಲಾಸ್ ಎಂದು ಘೋಷಿಸಿದರು. ಅತ್ತೆ ಆಯಿತು ಎಂದರು. ನನಗೂ ಹೆದರಿಕೆ ಇಳಿದಿರಲಿಲ್ಲ. ಸಾಂಬಾರಿಗೆ ಒಗ್ಗರಣೆ ಹಾಕುವಾಗಲೂ ನೀರು ಮುಚ್ಚಿಕೊಂಡದ್ದೇ ಕಣ್ಣಿಗೆ ಬರುತ್ತಿತ್ತು. ವಾರವಿಡೀ ಅತ್ತೆ ಎಂದಿನಂತೆಯೇ ಇದ್ದರು. ಗುರುವಾರ ತೆಂಗಿನಕಾಯಿ ತುರಿಯುತ್ತ, ನನ್ನನ್ನು ನೋಡದೆಯೇ ಹೇಳಿದರು:

“ನಾಳೆ ನೀನು ಕಲಿಯಬೇಕು. ಹಳೆಯ ಚೂಡಿದಾರ್ ಉಂಟಲ್ಲ, ಅದು ಹಾಕ್ಕೊ.”

ಶುಕ್ರವಾರ ಬೆಳಿಗ್ಗೆ ನಾವು ಏಳುವ ಮೊದಲೇ ಅವರು ಅವಲಕ್ಕಿ ಡಬ್ಬಿಯೊಂದಿಗೆ ಕೆಳಗೆ ಹೋಗಿ ಜೀಪಿನಲ್ಲಿ ಕೂತಿದ್ದರು. ಭೂವಿಜ್ಞಾನಿ ಪಕ್ಕದಲ್ಲಿ ನಿಂತು, ಕೀಲಿ ಕೈಯಲ್ಲಿ ಹಿಡಿದು, ಅಮ್ಮಾರು ಕುಂತುಬಿಟ್ಟಾರ, ನಾ ಏನ್ ಮಾಡ್ಲಿ ಎಂಬ ಮುಖ ಮಾಡಿದ್ದರು. ನನ್ನ ಗಂಡ ಕೆಳಗಿಳಿದು ಬಂದು ತಾಯಿಯನ್ನು ನೋಡಿದರು. ಆಮೇಲೆ ಮೇಲೆ ಹೋಗಿ ಅಡುಗೆ ಎಣ್ಣೆಯ ಎರಡು ಖಾಲಿ ಕ್ಯಾನು ತಂದು, ಮುಚ್ಚಳ ಬಿಗಿಮಾಡಿ, ಹಗ್ಗದಿಂದ ಜೋಡಿಸಿ ಕಟ್ಟಿದರು. ಅದನ್ನು ನನ್ನ ಕೈಗೆ ಕೊಟ್ಟು ಮುಂದಿನ ಸೀಟಿನಲ್ಲಿ ಕೂತರು.

ಅತ್ತೆ ಕಲಿತದ್ದು ಎರಡು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು. ನಾನು ಸೂರ್ಯಕಾಂತಿ ಎಣ್ಣೆಯ ಕ್ಯಾನಿನಲ್ಲಿ ಕಲಿತೆ. ಮೊದಲ ಶುಕ್ರವಾರ ನಾನು ಬಂಡೆಯನ್ನು ಬಿಡಲೇ ಇಲ್ಲ. ಮುಂದಿನ ಸಲ ಬಿಟ್ಟೆ, ಅವರ ಕುತ್ತಿಗೆಯನ್ನು ಹಿಡಿದೆ, ಇಬ್ಬರೂ ಮುಳುಗಿದೆವು. ಅವರು ನನ್ನ ಕೈ ಬಿಡಿಸಿ, ಕೂದಲು ಹಿಡಿದು ಮೇಲೆತ್ತಿ, ಸೊಸೆಯ ಕೂದಲು ಹಿಡಿಯುವ ಯೋಗ ಹೀಗೆ ಬಂತು ನೋಡು ಎಂದರು. ನನಗೆ ನಗು ಬಂದು ಇನ್ನಷ್ಟು ನೀರು ಕುಡಿದೆ. ಸಪ್ಪೆಯೂ ಅಲ್ಲದ ಉಪ್ಪೂ ಅಲ್ಲದ ನೀರು. ಸಮುದ್ರಕ್ಕೂ ಗುಂಡಿಗೂ ನೆಲದಡಿಯಲ್ಲಿ ದಾರಿಯಿದೆ ಎಂದು ಭೂವಿಜ್ಞಾನಿ ದಂಡೆಯಿಂದಲೇ ಹೇಳಿದರು.

ಅಂಗಾತ ತೇಲುವುದನ್ನು ಕಲಿತ ದಿನ ನನಗೆ ಸ್ಪಷ್ಟವಾಗಿ ನೆನಪಿದೆ. ಅತ್ತೆಯ ಅಂಗೈ ನನ್ನ ಬೆನ್ನಿನಡಿಯಲ್ಲಿತ್ತು. ಕಿವಿ ನೀರಿನೊಳಗೆ, ಮೇಲೆ ಗುಂಡಿಯ ಬಾಯಿಯಷ್ಟೇ ಆಕಾಶ.

“ಕುತ್ತಿಗೆ ಬಿಡು,” ಎಂದರು. “ಕುತ್ತಿಗೆ ಬಿಗಿ ಹಿಡಿದವರು ಮುಳುಗುವುದು. ನನಗೆ ಮದುವೆಯಾದ ಮೇಲೆ ಅದು ಮರ್ತೇ ಹೋಗಿತ್ತು. ಮೊನ್ನೆ ನೀರಿಗಿಳಿದ ಮೇಲೆ ನೆನಪಾಯ್ತು.”

ಅದಕ್ಕೆ ಮುಂಚೆ ಅವರು ತಮ್ಮ ಬಗ್ಗೆ ನನ್ನಲ್ಲಿ ಏನನ್ನೂ ಹೇಳಿರಲಿಲ್ಲ. ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ. ಅವರು ಅಂಗೈ ತೆಗೆದು ಆಗಲೇ ದೂರ ಹೋಗಿದ್ದರು. ನಾನು ತೇಲುತ್ತಿದ್ದೆ.

ಇದರ ನಡುವೆ ಪ್ರದರ್ಶನದ ದಿನ ಬಂತು. ಒಂದು ಸರೋವರ ಸಿಕ್ಕಿದೆ ಎಂದು ನಾನು ಹೇಳಿದಾಗ ಪ್ರಿನ್ಸಿಪಾಲರಿಗೆ ಆಶ್ಚರ್ಯವಾಗಲಿಲ್ಲ. ಅದರ ಮೂಲ ಜ್ವಾಲಾಮುಖಿಯಲ್ಲ ಎಂದಾಗ ಮಾತ್ರ ಬೇಸರವಾಯಿತು. ನಕ್ಷತ್ರದ ಕತೆಯನ್ನೂ ಹೇಳಿದೆ. ನಕ್ಷತ್ರ ಸಿಲಬಸ್ಸಿನಲ್ಲಿ ಬೇರೆ ಅಧ್ಯಾಯ, ಚಾವಣಿ ಕುಸಿದದ್ದನ್ನು ಪೋಷಕರ ಎದುರು ಹೇಳುವುದು ಅಶುಭ, ಜ್ವಾಲಾಮುಖಿಯೇ ಒಳ್ಳೆಯದು ಎಂದು ಅವರ ಅಭಿಪ್ರಾಯ. ಕೊನೆಗೆ ಒಪ್ಪಂದವಾಯಿತು. ಮಕ್ಕಳು ಥರ್ಮೊಕೋಲಿನಲ್ಲಿ ಗುಂಡಿಯನ್ನು ಮಾಡಿದರು. ಪಕ್ಕದಲ್ಲಿ ಕಪ್ಪು ಬೆಟ್ಟಗಳನ್ನು ಮಾಡಿ, ಸಮುದ್ರದಡಿಯ ಬೆಂಕಿಯಿಂದ ಬಂದವು ಎಂದು ಬರೆದರು. ಎರಡಕ್ಕೂ ಸಂಬಂಧವಿದೆ ಎಂದಾಗಲಿ ಇಲ್ಲ ಎಂದಾಗಲಿ ಎಲ್ಲಿಯೂ ಬರೆಯಲಿಲ್ಲ.

ಮುಖ್ಯ ಅತಿಥಿಯಾಗಿ ಬಂದ ಒಮಾನಿ ಅಧಿಕಾರಿ ಬಹಳ ಸೌಮ್ಯ ಮನುಷ್ಯ. ಗುಂಡಿಯ ಮಾದರಿಯ ಮುಂದೆ ನಿಂತುಬಿಟ್ಟರು. ಅವರ ತಾಯಿಯ ಊರು ಅದೇ ಕಡೆಯಂತೆ. ಚಿಕ್ಕವರಿದ್ದಾಗ ಅದರ ಹತ್ತಿರ ಹೋದರೆ ಪೆಟ್ಟು ಬೀಳುತ್ತಿತ್ತಂತೆ. ನೀರು ಸಿಹಿಯೋ ಉಪ್ಪೋ ನಮಗೆ ಇವತ್ತಿಗೂ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಪ್ರಿನ್ಸಿಪಾಲರು ನನ್ನನ್ನು ನೋಡಿದರು. ಪ್ರದರ್ಶನ ನೋಡಲು ಬಂದು ನನ್ನ ಪಕ್ಕದಲ್ಲೇ ನಿಂತಿದ್ದ ಅತ್ತೆಗೆ ಮಾತು ನಾನು ಪಿಸುಗುಟ್ಟಿದ ಮೇಲೆ ಅರ್ಥವಾಯಿತು. ಅವರು ಮುಂದೆ ಬಂದು, ಅಂಗೈಯನ್ನು ಚಪ್ಪಟೆ ಹಿಡಿದು ಈಚೆಗೊಮ್ಮೆ ಆಚೆಗೊಮ್ಮೆ ಓಲಾಡಿಸಿದರು. ಅದೂ ಅಲ್ಲ, ಇದೂ ಅಲ್ಲ. ಅಧಿಕಾರಿ ಕೈಯನ್ನು ಎದೆಗೆ ಇಟ್ಟು ತಲೆ ಬಾಗಿಸಿದರು. ಪ್ರಿನ್ಸಿಪಾಲರು ಅವರನ್ನು ಅವಸರವಾಗಿ ಗಣಿತ ವಿಭಾಗಕ್ಕೆ ಕರೆದುಕೊಂಡು ಹೋದರು.

ವೀಸಾ ಮುಗಿದು ಅತ್ತೆ ಊರಿಗೆ ಹೋದರು. ವಿಮಾನ ನಿಲ್ದಾಣದಲ್ಲಿ ಅವರು ಮಗನಿಗೆ ಹೇಳಿದ್ದು ಊಟದ ವಿಷಯ. ನನಗೆ ಹೇಳಿದ್ದು, ಕಾಲು ಇನ್ನೂ ಬಗ್ಗುತ್ತದೆ, ನೆಟ್ಟಗೆ ಇಡು ಎಂದು. ಭೂವಿಜ್ಞಾನಿ ಆಮೇಲೆ ಕೆಲವು ವರ್ಷಗಳಲ್ಲಿ ಬೇರೆ ದೇಶಕ್ಕೆ ಹೋದರು. ಹೋಗುವಾಗ ಕಲ್ಲುಗಳನ್ನು ಕಟ್ಟಲು ಪೆಟ್ಟಿಗೆಗಳು ಸಾಲದೆ ನಮ್ಮ ಅಕ್ಕಿ ಡ್ರಮ್ಮನ್ನೂ ಕೇಳಿದರು.

ತೊಂಬತ್ತರ ದಶಕದ ನಡುವೆ ಅತ್ತೆ ಮತ್ತೊಮ್ಮೆ ಬಂದರು. ಅಷ್ಟರಲ್ಲಿ ನಮಗೆ ಮಗಳಿದ್ದಳು. ಅತ್ತೆಯ ಮೊಣಕಾಲು ಕೆಟ್ಟಿತ್ತು. ಗುಂಡಿಯ ಹತ್ತಿರ ಹೋದಾಗ ಅಲ್ಲಿ ಬೇರೆ ಕುಟುಂಬಗಳೂ ಬಂದಿದ್ದವು, ಯಾರೋ ಟೇಪ್ ರೆಕಾರ್ಡರ್ ಹಾಕಿದ್ದರು. ಅತ್ತೆಗೆ ಇಳಿಯಲು ಆಗಲಿಲ್ಲ. ಕಾರಿನ ನೆರಳಿನಲ್ಲಿ, ಮಡಚುವ ಕುರ್ಚಿಯ ಮೇಲೆ ಅಂಚಿನಿಂದ ಸ್ವಲ್ಪ ಹಿಂದೆ ಕೂತರು. ನಾನೂ ಮಗಳೂ ಇಳಿದೆವು. ನನ್ನ ಗಂಡ ಶೂ ಕಳಚಿ, ಅಂಗಿ ಕಳಚಿ, ಮಡಚಿ ತಾಯಿಯ ಕೈಗೆ ಕೊಟ್ಟು ನಮ್ಮ ಹಿಂದೆಯೇ ಇಳಿದು ಬಂದರು. ಆಫೀಸಿನವರ ಕ್ಲಬ್ಬಿನ ಕೊಳದಲ್ಲಿ ವಾರವಾರವೂ ಅವರು ಈಜು ಕಲಿಯುತ್ತಿದ್ದರೆಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಹಡಗಿನ ಕಾಗದಪತ್ರ ತಡವಾಯಿತು ಎಂದು ಅವರು ಹೇಳುತ್ತಿದ್ದ ಸಂಜೆಗಳೆಲ್ಲ ಒದ್ದೆ ತಲೆಯ ಸಂಜೆಗಳೆಂದು ನಾನು ಗಮನಿಸಿರಲಿಲ್ಲ.

ಅವರ ಈಜಿನಲ್ಲಿ ಸದ್ದು ಜಾಸ್ತಿ, ಮುಂದೆ ಹೋಗುವುದು ಕಡಿಮೆ. ಆದರೂ ಆಚೆ ದಂಡೆ ಮುಟ್ಟಿದರು. ಬಂಡೆ ಹಿಡಿದು, ಏದುಸಿರು ಬಿಡುತ್ತ, ಮೇಲೆ ನೋಡಿದರು. ಅತ್ತೆ ಕುರ್ಚಿಯಿಂದೆದ್ದು ಅಂಚಿನವರೆಗೆ ಬಂದು ನಿಂತಿದ್ದರು. ಮಗನ ಅಂಗಿ ಅವರ ಹೆಗಲ ಮೇಲಿತ್ತು.

“ಎಮ್ಮೆ ಹಾಗೆ ನೀರು ಬಡೀತಾನೆ,” ಎಂದು ಅವರು ಕೆಳಗಿದ್ದ ನನಗೆ ಕೇಳಿಸುವಂತೆ ಹೇಳಿದರು. “ಪರವಾಗಿಲ್ಲ. ವಾಪಸು ಬರ್ಲಿಕ್ಕೆ ಹೇಳು.”